ಹೋಬಳಿ ಶಾಲೆಯ ಹಾಜರಿಯೂ ತೇರ್ಗಡೆಯೂ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳ ವಿದ್ಯಾಭ್ಯಾಸ ಚರಿತ್ರೆಯ ಒಂದು ವಿಚಾರ

ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ಸೀಮೆಗಳು 1939ನೆಯ ಇಸವಿ ಜುಲೈ 1ನೆಯ ತಾರೀಖು ಮಂಡ್ಯ ಜಿಲ್ಲೆ ಏರ್ಪಡುವವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದುವು. ಇಲ್ಲಿಯ ದೇವಾಲಯ, ಶಾಸನ, ಅಗ್ರಹಾರಗಳ ವಿಷಯವಾಗಿ ವಿದ್ವಾಂಸರು ವಿಶೇಷವಾಗಿ ಬರೆದಿರುವರು. ಊರಿನ ಚಿಕ್ಕ ಸರ್ಕಾರಿ ಶಾಲೆಗೆ ಯಾರ ಮಕ್ಕಳು ಬಂದರು, ಬಂದವರಲ್ಲಿ ಎಷ್ಟು ಮಂದಿ ಮೇಲಿನ ತರಗತಿಯನ್ನು ಮುಟ್ಟಿದರು ಎಂಬ ಪ್ರಶ್ನೆಗಳಾದರೋ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಇವೆರಡನ್ನೂ ಬೇರ್ಪಡಿಸಿ ನೋಡಿದರೆ ತೀರ್ಮಾನವು ತಪ್ಪುವುದೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಇಲಾಖೆಯ ಶಾಲೆಗಳು ಹುಟ್ಟುವುದಕ್ಕೆ ಮೊದಲು ಹಳ್ಳಿಗಳಲ್ಲಿ ಕೂಲಿಮಠಗಳಿದ್ದುವು. ಮಕ್ಕಳು ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿ, ಬಳಿಕ ಹಲಿಗೆಯ ಮೇಲೆಯೂ ಕಡತದ ಮೇಲೆಯೂ ಬಳಪದಿಂದ ಬರೆಯುತ್ತಿದ್ದರು. ಮಗ್ಗಿ, ಲೆಕ್ಕ, ಅಮರಕೋಶ, ಕನ್ನಡ ಕಾವ್ಯಗಳ ವಾಚನ, ಇವೇ ಪಾಠಕ್ರಮ. ಐಗಳಿಗೆ ಸಲ್ಲತಕ್ಕ ದವಸವನ್ನೋ ಹಣವನ್ನೋ ಮಕ್ಕಳ ಮನೆಯವರೇ ಕೊಡಬೇಕಾಗಿದ್ದುದರಿಂದ, ಶಾನುಭೋಗರ, ವರ್ತಕರ, ಅನುಕೂಲಸ್ಥರಾದ ಗೌಡರ ಮಕ್ಕಳೇ ಪ್ರಾಯಶಃ ಅಲ್ಲಿ ಸೇರುತ್ತಿದ್ದರು. ಉನ್ನತವಾದ ಶಾಸ್ತ್ರವ್ಯಾಸಂಗಕ್ಕೆ ಮೇಲುಕೋಟೆಯು ಹೆಸರಾಗಿದ್ದಿತು. ಅಲ್ಲಿಯ ಸಂಸ್ಕೃತ ಪಾಠಶಾಲೆಯು 1854ರಲ್ಲಿ ಸ್ಥಾಪಿತವಾಯಿತು.

ಅದೇ 1854ರ ವಿದ್ಯಾಭ್ಯಾಸದ ಆಜ್ಞಾಪತ್ರವನ್ನನುಸರಿಸಿ 1857ರಲ್ಲಿ ಮೈಸೂರಿನಲ್ಲಿ ವಿದ್ಯಾಭ್ಯಾಸದ ಇಲಾಖೆ ಏರ್ಪಟ್ಟಿತು. ಬಳಿಕ ಬಿ. ಎಲ್. ರೈಸ್ ಅವರು ಸಿದ್ಧಪಡಿಸಿದ ಹೋಬಳಿ ಶಾಲೆಗಳ ಯೋಜನೆಯು 1868ರಲ್ಲಿ ಮಂಜೂರಾಯಿತು. ಕಟ್ಟಡವನ್ನು ಗ್ರಾಮಸ್ಥರು ಒದಗಿಸತಕ್ಕದ್ದು, ಉಪಾಧ್ಯಾಯರ ಸಂಬಳವನ್ನು ಸರ್ಕಾರದವರು ಕೊಡತಕ್ಕದ್ದು ಎಂಬುದು ಅದರ ಸಾರ. ಆದರೆ ಹೋಬಳಿಗೊಂದು ಶಾಲೆಯೆಂದರೆ ಹೋಬಳಿಯ ಮುಖ್ಯಗ್ರಾಮಕ್ಕೆ ಒಂದು ಶಾಲೆಯೆಂದೇ ಅರ್ಥ. ಸುತ್ತಣ ಹಳ್ಳಿಗಳ ಮಕ್ಕಳು ಹೊಲ, ಹಳ್ಳಗಳನ್ನು ದಾಟಿ ಬರಬೇಕಾಗಿದ್ದಿತು. ಅಷ್ಟರಲ್ಲಿಯೇ 1876-78ರ ಮಹಾಕ್ಷಾಮವು ಬಂದೊದಗಿತು. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ಇಂಥ ಕಾಲದಲ್ಲಿ ಶಾಲೆಯ ಹಾಜರಿ ಪುಸ್ತಕವು ಬರಿದಾದುದಕ್ಕೆ ಮಕ್ಕಳ ಮಂದಬುದ್ಧಿಯನ್ನು ಕಾರಣವಾಗಿ ಯಾರೂ ಹೇಳಲಾರರು.

ಮುಂದಣ ಅರ್ಧ ಶತಮಾನದಲ್ಲಿ ಶಾಲೆಯ ಬಾಗಿಲು ಕ್ರಮಕ್ರಮವಾಗಿ ತೆರೆಯಿತು. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಆರಂಭವಾಯಿತು. ಹಳ್ಳಿಯ ಹೆಣ್ಣುಮಕ್ಕಳ ಸರದಿ ಬಹಳ ತಡವಾಗಿ ಬಂದಿತು. 1906ರಲ್ಲಿ ಒಕ್ಕಲಿಗರ ಸಂಘವು ಸ್ಥಾಪಿತವಾಗಿ, ರೈತರ ಮಕ್ಕಳ ವಿದ್ಯೆಯು ಸಾರ್ವಜನಿಕ ಚರ್ಚೆಯ ವಿಷಯವಾಯಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1913ರ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನು ಕಡ್ಡಾಯ ಶಿಕ್ಷಣಕ್ಕೆ ದಾರಿಮಾಡಿತು. ಅಂದು ಪಂಚಮರೆಂದು ಕರೆಯಲ್ಪಡುತ್ತಿದ್ದ ದಲಿತರ ಮಕ್ಕಳಿಗೆ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ ಪ್ರವೇಶವುಂಟೆಂದು 1915ರಲ್ಲಿ ಆಜ್ಞೆಯಾಯಿತು. ಆಜ್ಞೆಯು ಒಂದು ದಿನದ ಕೆಲಸ. ಶಾಲೆಯ ಜಗುಲಿಯ ಮೇಲೆ ಸಮನಾಗಿ ಕುಳಿತುಕೊಳ್ಳುವುದು ತಲೆಮಾರುಗಳ ಕೆಲಸವಾಯಿತು. ಸರ್ಕಾರದ ಉದ್ಯೋಗಗಳಲ್ಲಿ ಬ್ರಾಹ್ಮಣೇತರರ ಸಂಖ್ಯೆಯು ಅತ್ಯಲ್ಪವಾಗಿದ್ದುದನ್ನು ವಿಚಾರಿಸಲು 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು ಮರುವರ್ಷ ವರದಿ ಸಲ್ಲಿಸಿತು.

ಆ ಕಾಲದ ವಾದಗಳಲ್ಲಿ, ಇಂಥ ಜಾತಿಯವರು ಪರೀಕ್ಷೆಯಲ್ಲಿ ಹೆಚ್ಚಾಗಿ ತೇರ್ಗಡೆಯಾಗುವರು, ಆದುದರಿಂದ ಅವರಿಗೆ ಬುದ್ಧಿ ಹೆಚ್ಚು ಎಂಬ ಮಾತು ಬರುತ್ತಿದ್ದಿತು. ತರ್ಕಶಾಸ್ತ್ರವು ಇಂಥ ಅನುಮಾನದಲ್ಲಿ ಉಪಾಧಿಯೆಂಬ ದೋಷವನ್ನು ತೋರಿಸುತ್ತದೆ. ಬೆಂಕಿಯಿರುವೆಡೆಯಲ್ಲೆಲ್ಲ ಹೊಗೆಯಿರುವುದೆಂದು ಹೇಳುವವನು ತಪ್ಪುವನು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯನ್ನುಂಟುಮಾಡುವುದು ಹಸಿ ಸೌದೆಯ ಸಂಬಂಧ. ಹಾಗೆಯೇ ತೇರ್ಗಡೆಗೆ ಕಾರಣವಾದುವು ಮನೆಯಲ್ಲಿ ಓದುಬಲ್ಲ ಹಿರಿಯರು, ಶಾಲೆಗೆ ಸಮೀಪವಾದ ವಾಸ, ದುಡಿಮೆಯಿಂದ ಬಿಡುವು, ಈ ಮೂರು. ಇವು ಯಾವ ಮನೆಗಳಲ್ಲಿದ್ದುವೋ ಆ ಮನೆಗಳ ಜಾತಿಯೇ ಕಾರಣವೆಂಬಂತೆ ತೋರಿತು, ಅಷ್ಟೆ.

ಇನ್ನೊಂದು ಅಂಶವೂ ಗಮನಾರ್ಹವಾದುದು. ಬ್ರಿಟಿಷ್ ಇಂಡಿಯಾದ ಶಾಲೆಗಳನ್ನು ಪರಿಶೀಲಿಸಿದ ಹಾರ್ಟಾಗ್ ಸಮಿತಿಯು 1929ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 1922-23ರಲ್ಲಿ ಮೊದಲನೆಯ ತರಗತಿಯಲ್ಲಿದ್ದ ನೂರು ಮಕ್ಕಳಿಗೆ 1925-26ರಲ್ಲಿ ನಾಲ್ಕನೆಯ ತರಗತಿಯಲ್ಲಿದ್ದವರು 18 ಮಾತ್ರ. ಮೈಸೂರು ಆ ಪರಿಶೀಲನೆಗೆ ಒಳಪಡದಿದ್ದರೂ ನ್ಯಾಯವು ಒಂದೇ. ಆ ಹದಿನೆಂಟು ಮಂದಿಯೂ ತೇರ್ಗಡೆಯಾದರೆ ಫಲಿತಾಂಶದ ಪಟ್ಟಿಯು ನೂರಕ್ಕೆ ನೂರೆಂದು ಹೇಳುವುದು. ಉಳಿದ 82 ಮಕ್ಕಳ ವಿಷಯದಲ್ಲಿ ಅದು ಮೌನ.

ಈ ಸೀಮೆಯಲ್ಲಿ ಆ ಮೌನಕ್ಕೆ ಅರ್ಥ ಹೇಳುವುದು ಬೇಸಾಯ. ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದುಬಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯೂ ಸ್ಥಾಪಿತವಾದ ಮೇಲೆ ರಾಗಿಯ ಹೊಲಗಳು ಬತ್ತ, ಕಬ್ಬುಗಳ ಗದ್ದೆಗಳಾದುವು. ನಾಲೆಯು ಎರಡು ಬಗೆಯಾಗಿ ಫಲಿಸಿತು. ಜಮೀನುಳ್ಳವನು ಮಗನನ್ನು ಪೇಟೆಯ ಶಾಲೆಗೆ ಕಳುಹಿಸಲು ಶಕ್ತನಾದನು. ಕೂಲಿಯವನ ಮನೆಯಲ್ಲಾದರೋ ನಾಟಿ, ಕಳೆ, ಕೊಯ್ಲುಗಳ ದಿನಗಳು ಹೆಚ್ಚಿದುವು. ಆ ದಿನಗಳಲ್ಲಿ ಹಸುಗೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯತಕ್ಕವಳು ಶಾಲೆಯ ವಯಸ್ಸಿನ ಹಿರಿಯ ಮಗಳು.

ಸ್ವಾತಂತ್ರ್ಯಾನಂತರ ಶಾಲೆಗಳು ಹೆಚ್ಚಿದುವು. ಮಂಡ್ಯದಲ್ಲಿ 1962ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಸ್ಥಾಪಿತವಾಯಿತು. ಆದರೂ 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 70.40 ಇದ್ದು, ರಾಜ್ಯದ 75.36ಕ್ಕಿಂತ ಕೆಳಗಿದ್ದಿತು. ಮಧ್ಯಾಹ್ನದ ಊಟ, ಸೈಕಲ್, 2009ರ ಶಿಕ್ಷಣದ ಹಕ್ಕಿನ ಕಾಯಿದೆ, ಇವೆಲ್ಲವೂ ಹಿಂದೆ ಹೇಳಿದ ಉಪಾಧಿಗಳನ್ನು ಮುಟ್ಟಿದ ಪ್ರಯತ್ನಗಳೇ. ಈಗ ಅನುಕೂಲಸ್ಥರು ಮಕ್ಕಳನ್ನು ಬೇರೆಡೆಗೆ ಕಳುಹಿಸುತ್ತಿರಲು, ಚಿಕ್ಕ ಸರ್ಕಾರಿ ಶಾಲೆಯಲ್ಲಿ ಉಳಿಯುವವರು ಹೆಚ್ಚಾಗಿ ಬೇರೆ ಗತಿಯಿಲ್ಲದವರ ಮಕ್ಕಳು. ಅಂಥ ಶಾಲೆಯ ಫಲಿತಾಂಶವನ್ನು ಪಟ್ಟಣದ ಶಾಲೆಯ ಫಲಿತಾಂಶದೊಡನೆ ಹಾಗೆಯೇ ತೂಗಿ ಕೀಳೆಂದು ಹೇಳುವುದು ಹಳೆಯ ಹೇತುದೋಷದ ಪುನರಾವೃತ್ತಿಯೇ ಸರಿ.

ಪ್ರತಿಯೊಂದು ಹಳೆಯ ಶಾಲೆಯಲ್ಲಿಯೂ ದಾಖಲಾತಿ ಪುಸ್ತಕವೆಂಬುದಿರುತ್ತದೆ. ಮಗುವಿನ ಹೆಸರು, ತಂದೆಯ ಹೆಸರು, ಕಸುಬು, ಜಾತಿ, ಸೇರಿದ ದಿನ, ಬಿಟ್ಟ ದಿನ ಅದರಲ್ಲಿ ಬರೆಯಲ್ಪಡುತ್ತವೆ. ತಾಮ್ರಶಾಸನದಲ್ಲಿ ದಾನ ಕೊಟ್ಟ ಅರಸನ ಹೆಸರೂ ಪಡೆದ ಬ್ರಾಹ್ಮಣನ ಹೆಸರೂ ಉಳಿದಿವೆ. ಆ ನೆಲವನ್ನು ಉತ್ತವನ ಹೆಸರು ಉಳಿದಿರುವುದು ಅಪೂರ್ವ. ಅವನ ವಂಶದವರ ಹೆಸರು ಮೊದಲಬಾರಿಗೆ ಬರಹಕ್ಕೆ ಬಂದುದು ಅನೇಕ ವೇಳೆ ಈ ಪುಸ್ತಕದಲ್ಲಿಯೇ. ಶಾಲೆಯು ಮುಚ್ಚುವಾಗ ಈ ಪುಸ್ತಕಗಳು ಗೆದ್ದಲ ಪಾಲಾಗದಂತೆ ಕಾಪಾಡಿ, ಹೋಬಳಿ ಹೋಬಳಿಯಾಗಿ ಪ್ರತಿಮಾಡಿಸುವ ಕಾರ್ಯವನ್ನು ಚರಿತ್ರಾಸಕ್ತರು ಕೈಗೊಳ್ಳತಕ್ಕದ್ದು. ಬಿಟ್ಟ ದಿನದ ಕಲಮನ್ನು ಓದದೆ ತೇರ್ಗಡೆಯ ಪಟ್ಟಿಯನ್ನು ಓದಿದಂತಾಗದು.