ಮಿಲ್ಟ್ರಿ ಜನರೇಟರೂ ತಾಮ್ರದ ವಾಷರೂ

ಹೋದ ಸಲ ಖಡಕ್ ರೊಟ್ಟಿ ಮುಗ್ಗಲು ವಾಸನಿ ಬರದಂಗ ಹೆಂಗ ಕಟ್ಟಿ ಇಡಬೇಕಂತ ಬರದಿದ್ದೆ. ಅದನ್ನ ಓದಿ ಹುಬ್ಬಳ್ಳಿ ವೈನಿ ಫೋನ್ ಮಾಡಿ, "ರೊಟ್ಟಿ ಇರ್ಲಿ ಬಿಡ, ನಿಮ್ಮ ಗಿರಣಿ ಹಿಂದ ನಿಂತೈತಲಾ ಹಸರ ಪೆಟ್ಟಿಗಿ, ಅದರ ಕಥಿ ಬರಿ" ಅಂದ್ರು. ಬರೀಲಿಕ್ಕೆ ಕುಂತ್ರ ಅದು ಬರೇ ನಮ್ಮನಿ ಕಥಿ ಆಗಿ ಉಳೀಲಿಲ್ಲ. ಆ ಪೆಟ್ಟಿಗಿ ಯಾಕ ಚಾಲೂ ಆಗವಲ್ಲದು ಅಂತ ತಿಳೀಬೇಕಾದ್ರ ಅಂಥಾ ಇಂಜಿನ್ನು ಹೆಂಗ ಹುಟ್ಟಿತು ಅನ್ನೂದನ್ನೂ ಹೇಳಬೇಕಾಗ್ತದ.

ನಮ್ಮ ರೊಟ್ಟಿ ಗುಂಪಿನ್ಯಾಗ 11 ಮಂದಿ ಹೆಣ್ಣಮಕ್ಕಳು ಅದೀವಿ. ಗಿರಣಿ ಮೋಟರಿಗೆ ಮೂರು ಫೇಸ್ ಕರೆಂಟ್ ಬೇಕು. ಹಳ್ಳ್ಯಾಗ ಅದು ಬಂದಾಗ ಬಂತು, ಹೋದಾಗ ಹೋತು. ಬನದ ಹುಣ್ಣಿಮಿಗೆ ಯಲ್ಲಮ್ಮನ ಗುಡ್ಡದ ಜಾತ್ರಿಗೆ 3000 ರೊಟ್ಟಿ ಕೊಡ್ತೀವಂತ ಒಪ್ಪಿಕೊಂಡು ಮುಂಗಡ ರೊಕ್ಕಾನೂ ತಗೊಂಡಿದ್ವಿ. ಅದಕ್ಕ ಎಲ್ಲಾರೂ ಉಳಿತಾಯದ ರೊಕ್ಕ ಕೂಡಿಸಿ, 62,000 ರೂಪಾಯಿ ಕೊಟ್ಟು, ಮಿಲ್ಟ್ರಿ ಲಿಲಾವಿನ್ಯಾಗ ಹಿಡಿದವನ ಕಡಿಂದ ಒಂದು ಡೀಸೆಲ್ ಜನರೇಟರ್ ತಗೊಂಡ್ವಿ. ಅವನ ಅಂಗಳದಾಗ ಚಾಲೂ ಆಗಿತ್ತು. ನಮ್ಮ ಅಂಗಳಕ್ಕ ಇಳಿಸಿದ ಮ್ಯಾಲ ಆಗವಲ್ಲದು.

ಡಿಸ್ಪೋಸಲ್ ಸಾಮಾನು ಅಂದ್ರ ನಮ್ಮ ಕಡೆ ಹೊಸಾದಲ್ಲ. ಎರಡನೇ ಮಹಾಯುದ್ಧ 1945ರಾಗ ಮುಗಿದ ಮ್ಯಾಲ ಅಮೇರಿಕಾ, ಬ್ರಿಟನ್ ಸೈನ್ಯದ ಜೀಪು, ಲಾರಿ, ಡೈನಮೋ, ಡೇರೆ, ಬೂಟು ಎಲ್ಲಾ ಈ ದೇಶದಾಗ ಗುಡ್ಡಿ ಬಿದ್ದಿದ್ದು. ಸರಕಾರ ಅವನ್ನ ಲಿಲಾವು ಹಾಕಿತು. ನಮ್ಮ ಅಜ್ಜಾ ಅಂಥಾದ್ದೊಂದು ಕಂಬಳಿ ತಂದಿದ್ದ, ನಮ್ಮವ್ವ ಅದರ ಮ್ಯಾಲ ಶಾಂಡಿಗಿ ಒಣಗಸ್ತಿದ್ಲು. ಸೈನ್ಯದ ಯಂತ್ರ ಮಾರಾಟಕ್ಕ ಬಂತಂದ್ರ ಅದು ಸವದೈತಿ ಅಂತನ ಅಲ್ಲ. ಬ್ಯಾರೆ ಹೊಸಾದು ಬಂದಿರ್ತೈತಿ, ಇಲ್ಲಾ ಅದರ ಅವಧಿ ಮುಗಿದಿರ್ತೈತಿ. ಎಷ್ಟೋ ಯಂತ್ರ ಹೊತ್ತಿಗಿರಲಿ ಅಂತ ಗೋದಾಮಿನ್ಯಾಗ ವರ್ಷಾನುಗಟ್ಟಲೆ ಕುಂತಿರ್ತಾವ. ಓಡಿ ಕೆಟ್ಟಿದ್ದಲ್ಲ, ಕುಂತು ಕೆಟ್ಟಿದ್ದು. ಕುಂತು ಕೆಟ್ಟಿದ್ದರ ರೋಗ ಬ್ಯಾರೆ ಇರ್ತೈತಿ: ಎಣ್ಣಿ ಹಳಸಿರ್ತೈತಿ, ರಬ್ಬರ್ ಬಿರಿದಿರ್ತೈತಿ, ಜೋಡಣಿ ಸಡ್ಲ ಆಗಿರ್ತಾವ. ಈ ಮಾತು ನನಗ ಮದಲ ತಿಳಿದಿದ್ರ ನಾಕು ದಿವಸ ಉಳೀತಿತ್ತು.

ಮೊದಲನೇ ದಿವಸ ಕೀಲಿ ತಿರುವಿದ್ರ ಗುಂಯ್... ಗುಂಯ್... ಅಂತ ಮುದುಕಿ ಮೆಟ್ಟಲ ಹತ್ತಿದಂಗ ತಿರುಗಿತು. ನಮ್ಮ ಮೈದುನ, "ಪ್ಲಗ್ಗಿನ್ಯಾಗ ಕಿಡಿ ಬರವಲ್ಲದು" ಅಂದ. ನನಗ ನಗಿ ಬಂತು. ಡೀಸೆಲ್ ಇಂಜಿನ್ನಿಗೆ ಕಿಡಿ ಹೊಡಿಯೂ ಪ್ಲಗ್ಗ ಇರೂದಿಲ್ರೀ!

ಇಲ್ಲೆ ಸ್ವಲ್ಪ ಇತಿಹಾಸ. ರುಡಾಲ್ಫ್ ಡೀಸೆಲ್ ಅಂತ ಒಬ್ಬ, 1858ರಾಗ ಪ್ಯಾರಿಸ್ಸಿನ್ಯಾಗ ಹುಟ್ಟಿದ ಜರ್ಮನ್ ಮನಿತನದ ಹುಡುಗ. ಮ್ಯೂನಿಕ್ಕಿನ್ಯಾಗ ಕಲಿತ. ಅವನಿಗೆ ಪಾಠ ಹೇಳಿದ ಕಾರ್ಲ್ ಲಿಂಡೆ ಬರ್ಫ ಮಾಡೋ ಯಂತ್ರಕ್ಕ ಹೆಸರಾದವರು. ಶಿಷ್ಯ ಹೊಂಟಿದ್ದು ಬೆಂಕಿ ಕಡೆ. ಸೈಕಲ್ಲಿಗೆ ಗಾಳಿ ಹೊಡದಾಗ ಪಂಪಿನ ಬುಡ ಬಿಸಿ ಆಗೂದು ನಾವೆಲ್ಲಾ ಮುಟ್ಟಿ ನೋಡೀವಿ. ಗಾಳಿನ್ನ ಜೋರಾಗಿ ಹಿಚುಕಿದ್ರ ಬಿಸಿ ಆಗ್ತೈತಿ. ಇನ್ನೂ ಜೋರಾಗಿ, ಹದಿನೈದಿಪ್ಪತ್ತು ಪಾಲಿನ ಗಾಳಿ ಒಂದ ಪಾಲಿಗೆ ಬರೋ ಹಂಗ ಹಿಚುಕಿದ್ರ 500 ಡಿಗ್ರಿಗಿಂತ ಮ್ಯಾಲ ಹೋಗ್ತೈತಿ. ಅದರೊಳಗ ಎಣ್ಣಿ ಸಿಂಪಡಿಸಿದ್ರ ಕಡ್ಡಿ ಕೊರಿಯೂದ ಬ್ಯಾಡ, ತಾನ ಹತ್ತಿಕೊಳ್ತೈತಿ. 1893ರಾಗ ಅವನಿಗೆ ಪೇಟೆಂಟ್ ಸಿಕ್ಕಿತು. ಆದ್ರ ಯಂತ್ರ ಸರಿಯಾಗಿ ಓಡಿ, ಪ್ರೊಫೆಸರರು ಬಂದು ಅಳೆದು ನೋಡಿದ್ದು 1897ರಾಗ, ಆಗ್ಸ್‌ಬರ್ಗ್ ಊರಾಗ. ನಡುವ ನಾಕು ವರ್ಷ ಸಿಡಿದಿದ್ದು, ಒಡದಿದ್ದು, ಮತ್ತ ಮಾಡಿದ್ದು. ಆಗಿನ ಉಗಿ ಯಂತ್ರಗೋಳು ಹಾಕಿದ ಕಲ್ಲಿದ್ದಲಿನ ಶಕ್ತಿಯೊಳಗ ಹತ್ತರಾಗ ಒಂದ ಪಾಲೂ ಕೆಲಸಕ್ಕ ಕೊಡ್ತಿದ್ದಿಲ್ಲ ಅನ್ನೂವಾಗ, ಇದು 26 ಪಾಲು ಕೊಟ್ಟಿತು ನೂರಕ್ಕ.

ಇದರಾಗ ನಮಗ ಸಂಬಂಧಪಟ್ಟ ಮಾತು ಒಂದ: ಬೆಂಕಿ ಹುಟ್ಟೂದು ಹಿಚುಕೂದರಿಂದ. ಸಾವಕಾಶ ಹಿಚುಕಿದ್ರ ಆ ಬಿಸಿ ತಣ್ಣನ ಕಬ್ಬಿಣಾನ ಕುಡದು ಬಿಡ್ತೈತಿ. ಪುಷ್ಯ ಮಾಸದ ಚಳ್ಯಾಗಂತೂ ಮುಗೀತು. ಅಂದ್ರ ನಮ್ಮ ಪೆಟ್ಟಿಗಿ ಜೋರಾಗಿ ತಿರುಗಬೇಕಿತ್ತು. ಬಾಜೂ ಮನಿ ಕಾಕಾ ರಿಟೈರ್ ಆದ ಹವಾಲ್ದಾರ್. ಅವರು ಬಂದು ಕನ್ನಡಕ ಏರಿಸಿ ಪಟ್ಟಿ ಓದಿ, "ಏನ್ ತಂಗಿ, ಇದು 24 ವೋಲ್ಟಿಂದು. ಒಂದ ಬ್ಯಾಟರಿ ಹಾಕಿ ಕುಂತೀರಲ್ಲ!" ಅಂದ್ರು. ಸೈನ್ಯದ ಗಾಡಿ, ಜನರೇಟರ್ ಹೆಚ್ಚಾಗಿ 24 ವೋಲ್ಟಿನವು, 12ರ ಎರಡು ಬ್ಯಾಟರಿ ಒಂದರ ಹಿಂದೊಂದು ಜೋಡಿಸಬೇಕು. ಮಾರಿದವ ಒಂದನ್ನ ತಗದ ಇಟ್ಕೊಂಡಿದ್ದ. ಅವನ್ನ ಬೈದಿದ್ದನ್ನೆಲ್ಲಾ ಇಲ್ಲೆ ಬರಿಯೂದಿಲ್ಲ.

ಅಣ್ಣನ ಟ್ರ್ಯಾಕ್ಟರ್ ಬ್ಯಾಟರಿ ತಂದು ಜೋಡಿಸಿದ್ವಿ. ಗರ್ರ್ ಅಂತ ತಿರುಗಿತು, ಆದ್ರ ಹತ್ತಲಿಲ್ಲ.

ಮಿಸ್ತ್ರಿ ಕರಿಸಿದ್ರು ನಮ್ಮನಿಯವರು. ಅಂವ ಗಾಳಿ ಎಳಕೊಳ್ಳೋ ಬಾಯಿಗೆ ಒಂದು ಸ್ಪ್ರೇ ಹೊಡದ. ಧಡ್ ಅಂತ ಒಂದೆರಡು ಸಲ ಹೊಡದು ಸುಮ್ಮಾತು. "ಪಂಪ್ ಹೋಗೈತಿ, 28,000 ಆಗ್ತೈತಿ" ಅಂತ ಹೇಳಿ ಚಾ ಕುಡದು ಹೋದ. ಗುಂಪಿನ ಹೆಣ್ಣಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದ್ರು. ಒಬ್ಬಾಕಿ ಮಗಳ ಫೀ ರೊಕ್ಕ ಅದರಾಗಿತ್ತು. ಲಿಲಾವಿನ ಜನರೇಟರ್ ತಗೊಳ್ಳೋಣು ಅಂತ ಮದಲ ಬಾಯಿ ಬಿಟ್ಟಾಕಿ ನಾನ. ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ.

ನನಗ ಇಂಜಿನ್ನಿನ ಪರಿಚಯ ಅಪ್ಪನ ಕಡಿಂದ ಬಂದಿದ್ದು. ಅಪ್ಪನ ಹಿಟ್ಟಿನ ಗಿರಣಿ ನಡೀತಿದ್ದುದು ಲಿಸ್ಟರ್ ನಮೂನಿ ಇಂಜಿನ್ನಿನ ಮ್ಯಾಲ. ಲಿಸ್ಟರ್ ಕಂಪನಿ ಇಂಗ್ಲೆಂಡಿನ ಡರ್ಸ್ಲಿ ಅನ್ನೋ ಊರಿಂದು. 1929ರಾಗ ಅವರು ನಿಧಾನ ತಿರುಗೋ, ಭಾರದ ಗಾಲಿ ಇರೋ ಸಣ್ಣ ಡೀಸೆಲ್ ಇಂಜಿನ್ ತಗದ್ರು. ಮುಂದ ಅದರ ನಕಲು ಗುಜರಾತದ ರಾಜಕೋಟದಾಗ ತಯಾರಾಗಿ ನಮ್ಮ ಹಳ್ಳಿಹಳ್ಳಿಗೆ ಬಂದು, ಬಾವಿ ನೀರು ಎತ್ತಿದ್ವು, ಹಿಟ್ಟು ಬೀಸಿದ್ವು. ನಮ್ಮ ಬೆಳಗಾವಿ ಸೀಮಿಯವರೂ ಇದರಾಗ ಹಿಂದ ಬಿದ್ದಿಲ್ಲ. ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಾಗ ಬೆಳಗಾವಿಯೊಳಗ ಸೈಕಲ್ ಅಂಗಡಿ ಇಟ್ಟವರು. ಆಮ್ಯಾಲ ಕಬ್ಬಿಣದ ನೇಗಿಲ ಮಾಡಿದ್ರು. 1910ರಾಗ ಔಂಧ ಸಂಸ್ಥಾನದ ಜಾಗಾದಾಗ ಕಿರ್ಲೋಸ್ಕರವಾಡಿ ಕಟ್ಟಿದ್ರು, ಅವರ ಮನಿತನದವರು 1946ರಾಗ ಪುಣೆದಾಗ ಡೀಸೆಲ್ ಇಂಜಿನ್ನಿನ ಕಾರ್ಖಾನಿ ತಗದ್ರು. ನಮ್ಮಲ್ಲೆ ಈಗಲೂ ಮುದುಕ್ರು ಯಾವ ಇಂಜಿನ್ನಿಗಾದ್ರೂ "ಕಿರ್ಲೋಸ್ಕರ" ಅಂತಾರ.

ಅಪ್ಪ ಹ್ಯಾಂಡಲ್ ಹಾಕಿ ತಿರುವತಿದ್ದ. ಗಾಲಿ ಜೋರು ಹಿಡಿದ ಮ್ಯಾಲ "ಹೂಂ" ಅಂತಿದ್ದ, ನಾನು ಮ್ಯಾಲಿನ ಸಣ್ಣ ಹಿಡಿಕಿ ಬೀಳಸ್ತಿದ್ದೆ. ಅಲ್ಲಿ ತನಕ ಬಾಲ್ ತೆರದಿರ್ತಿತ್ತು, ಹಿಚುಕೂದು ಇರ್ತಿದ್ದಿಲ್ಲ. ಹಿಡಿಕಿ ಬಿದ್ದಕೂಡ್ಲೆ ಟುಕ್, ಟುಕ್ ಅಂತ ಹತ್ತತಿತ್ತು. ಎಂಟು ವರ್ಷದಾಕಿಂದ ಪಿಯುಸಿ ತನಕ ಅದು ನನ್ನ ಕೆಲಸ. ಐಟಿಐಗೆ ಹೋಗ್ತೀನಿ ಅಂದಾಗ ಅಪ್ಪ ನಕ್ಕ. ಗಿರಣಿ ಅಣ್ಣಗ ಹೋತು. ಕರೆಂಟ್ ಬಂದ ಮ್ಯಾಲ ಅಣ್ಣ ಇಂಜಿನ್ನ ಗುಜರಿಗೆ ಹಾಕಿದ.

ಆ ರಾತ್ರಿ ಅಪ್ಪನ ಮಾತು ನೆನಪ ಮಾಡಿಕೊಂಡೆ: ಇಂಜಿನ್ ಹತ್ತದಿದ್ರ ಹೊಗಿ ನೋಡು. ತಿರುಗೂವಾಗ ಬಿಳಿ ಹೊಗಿ ಬಂದ್ರ ಎಣ್ಣಿ ಒಳಗ ಹೊಂಟೈತಿ, ಬಿಸಿ ಸಾಲವಲ್ದು. ಹೊಗೀನ ಇಲ್ಲಂದ್ರ ಎಣ್ಣೀನ ಹೊಂಟಿಲ್ಲ. ನಮ್ಮದರಾಗ ಹೊಗಿ ಇದ್ದಿಲ್ಲ. ಸ್ಪ್ರೇ ಹೊಡದಾಗ ಧಡ್ ಅಂದಿದ್ದು ಅಂದ್ರ ಹಿಚುಕೂದೂ ಚಲೋ ಐತಿ. (ಆ ಸ್ಪ್ರೇ ನೀವು ಹೊಡೀಬ್ಯಾಡ್ರಿ. ಒಳಗ ಬಿಸಿ ಕಡ್ಡಿ ಇರೋ ಇಂಜಿನ್ನಿಗೆ ಅದು ಅಪಾಯ.) ಹಂಗಾರ ತಪ್ಪು ಎಣ್ಣಿ ದಾರಿಯೊಳಗ.

ಬೆಳಿಗ್ಗೆ ಟಾಕಿ ತಗದ್ರ ಕೆಳಗ ನೀರು, ಅದರ ಮ್ಯಾಲ ಕರೀ ಲೋಳಿ, ಹಳಸಿದ ಹುಳಿಯಂಥಾದ್ದು. ತೊಳದು, ಅರಿವ್ಯಾಗ ಸೋಸಿ ಹೊಸ ಡೀಸೆಲ್ ಹಾಕಿದ್ವಿ, ಫಿಲ್ಟರ್ ಬದಲಿಸಿದ್ವಿ. ಆಮ್ಯಾಲ ಗಾಳಿ ತಗಿಯೂ ಕೆಲಸ.

ಗಾಳಿ ಯಾಕ ತಗೀಬೇಕು? ಡೀಸೆಲ್‌ನ ಮೊದಲಿನ ಇಂಜಿನ್ನಿನ್ಯಾಗ ಎಣ್ಣಿ ಊದಲಿಕ್ಕೆ ಬ್ಯಾರೆ ಗಾಳಿ ಯಂತ್ರಾನ ಇರ್ತಿತ್ತು, ಅದಕ್ಕ ಅದು ಕಾರ್ಖಾನಿ, ಹಡಗು ಬಿಟ್ಟು ಹೊರಗ ಬರಲಿಲ್ಲ. 1927ರಾಗ ಜರ್ಮನಿಯ ಬಾಷ್ ಕಂಪನಿ ಅಂಗೈ ಮ್ಯಾಲ ಹಿಡಿಯೂವಂಥಾ ಎಣ್ಣಿ ಪಂಪನ್ನ ಹೆಚ್ಚಿನ ಸಂಖ್ಯೆದಾಗ ಮಾಡಲಿಕ್ಕೆ ಹತ್ತಿದ ಮ್ಯಾಲನ ಡೀಸೆಲ್ ಲಾರಿ, ಟ್ರ್ಯಾಕ್ಟರ್, ಸಣ್ಣ ಜನರೇಟರ್ ಎಲ್ಲಾ ಸಲೀಸಾತು. ಅದರೊಳಗಿನ ದಂಡ ಕೂದಲಿಗಿಂತಾ ಸಣ್ಣ ಸಂದಿನ್ಯಾಗ ಓಡಾಡ್ತೈತಿ. ಎಣ್ಣಿ ಇದ್ರ ದೂಡ್ತೈತಿ. ಗಾಳಿ ಗುಳ್ಳಿ ಸಿಕ್ಕರ ಬರೇ ಅದನ್ನ ಹಿಚುಕಿ ಬಿಡ್ತೈತಿ, ಮುಂದ ಏನೂ ಹೋಗೂದಿಲ್ಲ. ಟಾಕಿ ತುಂಬಿದ್ರೂ ಇಂಜಿನ್ ಉಪಾಸ.

ಫಿಲ್ಟರಿನ ಸ್ಕ್ರೂ ಸಡ್ಲ ಮಾಡಿ, ಕೈ ಪಂಪ್ ಒತ್ತಿದೆ. ಮದಲ ನೊರಿ, ಆಮ್ಯಾಲ ಸಾಬುದಾಣಿಯಂಥಾ ಗುಳ್ಳಿ, ಕಡೀಕ ಗುಳ್ಳಿ ಇಲ್ಲದ ಧಾರಿ. ಬಿಗಿ ಮಾಡಿದೆ. ಪಂಪಿನ ಹಂತ್ಯಾಕೂ ಹಂಗ, ನಾಜಲ್ಲಿನ ನಟ್ಟಿಗೂ ಹಂಗ. (ನಾಜಲ್ಲಿನ ಬಾಯಿಗೆ ಕೈ ಒಡ್ಡಬ್ಯಾಡ್ರಿ, ಆ ಧಾರಿ ಚರ್ಮದೊಳಗ ಹೊಕ್ಕೊಳ್ತೈತಿ.) ಕೀಲಿ ತಿರುವಿದೆ. ಬಿಳಿ ಹೊಗಿ ಬಂತು, ಹತ್ತಿತು! ಹೆಣ್ಣಮಕ್ಕಳು ಚಪ್ಪಾಳಿ ಹೊಡದ್ರು. ಎರಡ ನಿಮಿಷಕ್ಕ ಕೆಮ್ಮಿ ಕೆಮ್ಮಿ ನಿಂತಿತು.

ಮತ್ತ ಗಾಳಿ ತಗದೆ, ಮತ್ತ ಎರಡ ನಿಮಿಷ. ಇಡೀ ಒಂದ ದಿವಸ ಎಲ್ಲಿ ಹನಿ ಸೋರ್ತೈತಿ ಅಂತ ಹುಡುಕಿದೆ. ಒಂದ ಹನಿ ಇಲ್ಲ. ಇಲ್ಲೆ ಅಪ್ಪ ಕಲಿಸಿದ್ದ ನನ್ನ ದಾರಿ ತಪ್ಪಿಸಿತು. ಅವನ ಇಂಜಿನ್ನಿನ ಟಾಕಿ ಮ್ಯಾಲ ಇತ್ತು, ಎಣ್ಣಿ ತಾನ ಇಳೀತಿತ್ತು, ಜೋಡಣಿ ಸಡ್ಲ ಇದ್ರ ಹನಿ ಕಾಣತಿತ್ತು. ಈ ಪೆಟ್ಟಿಗಿ ಟಾಕಿ ತಳದಾಗೈತಿ. ಎಣ್ಣಿನ್ನ ಎಳಕೋಬೇಕು. ಎಳನೀರಿನ ಕೊಳವಿ ಸೀಳಿದ್ರ ನೀರು ಹೊರಗ ಬರೂದಿಲ್ಲ, ಬಾಯಿಗೆ ಗಾಳಿ ಬರ್ತೈತಿ, ಹೌದಲ್ಲ? ಇಲ್ಲೂ ಹಂಗ.

ಗೌಂಡಿಯವರು ಲೆವೆಲ್ ಹಿಡಿಯೂ ಪಾರದರ್ಶಕ ಪೈಪಿನ ಒಂದ ಗೇಣ ತುಂಡು ತಂದೆ. ಟಾಕಿಗೂ ಮೊದಲನೇ ಫಿಲ್ಟರಿಗೂ ನಡುವ ಹಾಕಿ ನೋಡಿದ್ರ ಎಣ್ಣಿ ಸ್ವಚ್ಛ. ಫಿಲ್ಟರ್ ದಾಟಿದ ಮ್ಯಾಲ ಹಾಕಿ ನೋಡಿದ್ರ ಗುಳ್ಳಿ ಸಾಲಾಗಿ ಹೊಂಟಾವ, ಇರಿವಿ ಸಾಲಿನಂಗ. ಕಳ್ಳ ಸಿಕ್ಕ. ಫಿಲ್ಟರಿನ ಬೋಲ್ಟ್ ಕೆಳಗಿನ ತಾಮ್ರದ ವಾಷರ್, ಎಷ್ಟೋ ಸಲ ತಗದು ಹಾಕಿ ಬಿಗಿದು ಕಲ್ಲಾಗಿತ್ತು, ಕೂಡತಿದ್ದಿಲ್ಲ.

ಊರಾಗ ಆ ಅಳತಿದು ಸಿಗಲಿಲ್ಲ. ಅಪ್ಪ ಮಾಡತಿದ್ದುದು ನೆನಪಿತ್ತು. ಅದರ ಮ್ಯಾಲಿನ ಎಣ್ಣಿ ಒರಸಿ, ಇಕ್ಕಳದಾಗ ಹಿಡದು, ಗ್ಯಾಸಿನ ಮ್ಯಾಲ ಕೆಂಪಗ ಕಾಸಿ, ತಣ್ಣೀರಾಗ ಚುಂಯ್ ಅಂತ ಅದ್ದಿದೆ. ಕಬ್ಬಿಣ ಹಂಗ ಮಾಡಿದ್ರ ಗಟ್ಟಿ ಆಗ್ತೈತಿ, ತಾಮ್ರ ಮೆತ್ತಗ ಆಗ್ತೈತಿ. ಅತ್ತಿಯವರು ಒಗ್ಗರಣಿ ಅಂತ ತಿಳದು "ಏನ ಹಾಕಿದಿ?" ಅಂತ ಒಳಗಿಂದ ಕೇಳಿದ್ರು.

ಆ ವಾಷರ್ ಹಾಕಿದ ಮ್ಯಾಲ ಇಂಜಿನ್ ನಿಂತಿದ್ದು ನಾನು ನಿಲ್ಲಿಸಿದಾಗನ. ಮೇನ್ ಲೈನಿಗೂ ಜನರೇಟರಿಗೂ ನಡುವ ಚೇಂಜ್‌ಓವರ್ ಸ್ವಿಚ್ ಹಾಕಿಸೀವಿ, ಇಲ್ಲಂದ್ರ ಕಂಬದ ಮ್ಯಾಲ ಹತ್ತಿದ ಲೈನ್‌ಮನ್ ಜೀವಕ್ಕ ಕುತ್ತು. ಹೊಗಿ ಮನ್ಯಾಗ ತುಂಬಬಾರದಂತ ಪೆಟ್ಟಿಗಿ ಬಯಲಾಗನ ಇಟ್ಟೀವಿ.

ಹಾಂ, ಒಂದ ಮಾತು ಮರತೆ. 1900ರಾಗ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಾಗ ಒಂದು ಡೀಸೆಲ್ ಇಂಜಿನ್ ಶೇಂಗಾ ಎಣ್ಣಿ ಮ್ಯಾಲ ಓಡಿತ್ತಂತ ರುಡಾಲ್ಫ್ ಡೀಸೆಲ್ಲನ ಆಮ್ಯಾಲ ಹೇಳ್ಯಾನ. ಇದನ್ನ ಕೇಳಿ ನಮ್ಮ ಗುಂಪಿನಾಕಿ ಒಬ್ಬಾಕಿ ಎಣ್ಣಿ ಡಬ್ಬಿ ತಂದ ಬಿಟ್ಟಿದ್ಲು. ಬ್ಯಾಡವಾ, ಈಗಿನ ರೇಟಿನ್ಯಾಗ ಅದು ಹೋಳಿಗಿಗೆ ಇರಲಿ ಅಂದೆ. ಆ ಮನಷ್ಯಾ ಪಾಪ 1913ರ ಸೆಪ್ಟೆಂಬರದಾಗ ಇಂಗ್ಲೆಂಡಿಗೆ ಹೊಂಟ ಹಡಗಿನ್ಯಾಗಿಂದ ರಾತ್ರೋರಾತ್ರಿ ಕಾಣದಂಗ ಆದ. ಆಮ್ಯಾಲ ಸಮುದ್ರದಾಗ ಹೆಣ ಸಿಕ್ಕಿತು. ಸಾಲ ಭಾಳ ಇತ್ತಂತ.

ಜಾತ್ರಿಗೆ 3000 ರೊಟ್ಟಿ ಹೋದ್ವು, 40 ಮುರದಿದ್ದು, ಅವನ್ನ ನಾವ ತಿಂದ್ವಿ. ಅಣ್ಣ ಬ್ಯಾಟರಿ ವಾಪಸ್ ಒಯ್ಯಲಿಕ್ಕೆ ಬಂದಾಗ ಇಂಜಿನ್ ಓಡ್ತಿತ್ತು. ಸ್ವಲ್ಪ ಹೊತ್ತು ಕೇಳಿಸ್ಕೊಂಡು ನಿಂತ. "ಬ್ಯಾಟರಿ ಇರ್ಲಿ ಇಟ್ಕೋ" ಅಂದು ಹೋದ.