೨೦೧೬ರ ಭವಿಷ್ಯನಿಧಿ ಚಳವಳಿ ಮತ್ತು ಬೆಂಗಳೂರಿನ ಉಡುಪು ಕಾರ್ಖಾನೆಗಳ ಸ್ತ್ರೀಯರು

ಕರ್ನಾಟಕದಲ್ಲಿ ಸ್ತ್ರೀಯರ ರಾಜಕೀಯ ನಾಯಕತ್ವದ ಚರಿತ್ರೆಯನ್ನು ಮೀಸಲು ಸ್ಥಾನಗಳ ಚರಿತ್ರೆಯಾಗಿ ಬರೆಯುವುದು ರೂಢಿ. ೧೯೮೩ರ ಕಾಯಿದೆಯಂತೆ ೧೯೮೭ರಲ್ಲಿ ನಡೆದ ಪಂಚಾಯತಿ ಚುನಾವಣೆಗಳಲ್ಲಿ ನೂರಕ್ಕೆ ೨೫ ಸ್ಥಾನಗಳು ಸ್ತ್ರೀಯರಿಗೆ ಮೀಸಲಾದುವು. ೨೦೧೫ರ ಬೆಂಗಳೂರು ಮಹಾನಗರ ಪಾಲಿಕೆಯ ಚುನಾವಣೆಯಲ್ಲಿ ಈ ಪ್ರಮಾಣವು ಅರ್ಧಕ್ಕೆ ಏರಿದ್ದಿತು. ಆದರೆ ಈ ಮಾರ್ಗಕ್ಕೆ ಹೊರಗಾದ ರಾಜಕೀಯ ಕರ್ತೃತ್ವವೂ ಉಂಟೆಂಬುದಕ್ಕೆ ೨೦೧೬ರ ಏಪ್ರಿಲ್ ತಿಂಗಳ ಘಟನೆಗಳು ಸಾಕ್ಷಿಯಾಗಿವೆ.

ಆ ವರ್ಷದ ಫೆಬ್ರವರಿ ೧೦ರಂದು ಕೇಂದ್ರ ಸರ್ಕಾರವು ಅಧಿಸೂಚನೆಯೊಂದನ್ನು ಹೊರಡಿಸಿತು. ಅದರಂತೆ, ಕೆಲಸ ಬಿಟ್ಟವರು ಭವಿಷ್ಯನಿಧಿಗೆ ತಾವು ಕಟ್ಟಿದ ಹಣವನ್ನೂ ಅದರ ಬಡ್ಡಿಯನ್ನೂ ಮಾತ್ರ ಪಡೆಯಬಹುದಾಗಿದ್ದಿತು. ಮಾಲೀಕರು ಕಟ್ಟಿದ ಭಾಗಕ್ಕೆ ೫೮ ವರ್ಷ ತುಂಬುವವರೆಗೆ ಕಾಯಬೇಕಾಗಿದ್ದಿತು. ಮುಪ್ಪಿನ ಭದ್ರತೆಯೇ ಇದರ ಉದ್ದೇಶವೆನ್ನಲಾಯಿತು. ಆದರೆ ಹೊಲಿಗೆ ಯಂತ್ರದ ಮುಂದೆ ಆ ವಯಸ್ಸಿನವರೆಗೆ ದುಡಿಯುವವರು ವಿರಳ. ಅಲ್ಪ ವೇತನದ ಈ ಸ್ತ್ರೀಯರಿಗೆ ಮಕ್ಕಳ ವಿದ್ಯೆ, ಮದುವೆ, ಸಾಲ, ಕಾಯಿಲೆಗಳಿಗೆ ಒದಗುವ ಉಳಿತಾಯವು ಬಹುಮಟ್ಟಿಗೆ ಅದೊಂದೇ.

ಏಪ್ರಿಲ್ ೧೮ರಂದು ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಕಾರ್ಖಾನೆಗಳಿಂದ ಹೊರಬಂದ ಸಾವಿರಾರು ಕಾರ್ಮಿಕರು ಸಂಚಾರವನ್ನು ತಡೆದರು. ಅವರಲ್ಲಿ ಸ್ತ್ರೀಯರೇ ಅಧಿಕ. ಮರುದಿನ ಚಳವಳಿಯು ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಹೆಬ್ಬಗೋಡಿಗೂ, ನಗರದ ಇನ್ನೊಂದು ಅಂಚಿನಲ್ಲಿ ತುಮಕೂರು ರಸ್ತೆಯ ಪೀಣ್ಯ, ಜಾಲಹಳ್ಳಿಗಳಿಗೂ ಹಬ್ಬಿತು. ಕಲ್ಲುತೂರಾಟ ನಡೆಯಿತು, ಬಸ್ಸುಗಳು ಸುಟ್ಟುವು. ಪೊಲೀಸರು ಲಾಠಿಯನ್ನೂ ಅಶ್ರುವಾಯುವನ್ನೂ ಪ್ರಯೋಗಿಸಿದರು. ಈ ಚಳವಳಿಗೆ ಕಾರ್ಮಿಕ ಸಂಘಗಳು ಕರೆಯಿತ್ತಿರಲಿಲ್ಲ. ಸಂಧಾನಕ್ಕೆ ಕರೆಯಬಹುದಾದ ಮುಂದಾಳುಗಳೂ ಇರಲಿಲ್ಲ. ಆದರೂ ೧೯ರಂದೇ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯರು ನಿಯಮವನ್ನು ಮೊದಲು ಜುಲೈ ೩೧ರವರೆಗೆ ಮುಂದೂಡಿ, ಬಳಿಕ ಅದನ್ನು ಸಂಪೂರ್ಣವಾಗಿ ರದ್ದುಪಡಿಸುವುದಾಗಿ ಸಾರಿದರು. ಎರಡು ದಿನಗಳ ಚಳವಳಿಯ ಫಲವು ದೇಶದ ಸಮಸ್ತ ಚಂದಾದಾರರಿಗೂ ದೊರೆಯಿತು.

ಹೀಗಿದ್ದೂ ಈ ಶಕ್ತಿಯು ಸ್ಥಾಯಿಯಾದ ನಾಯಕತ್ವವಾಗಿ ಪರಿಣಮಿಸಲಿಲ್ಲವೇಕೆ? ಮೀಸಲು ಸ್ಥಾನಕ್ಕೆ ಸ್ಪರ್ಧಿಸುವವರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿರಬೇಕು. ಪರಜಿಲ್ಲೆಗಳಿಂದ ಬಂದು ಬಾಡಿಗೆ ಮನೆಗಳಲ್ಲಿ ವಾಸಿಸುವವರ ಹೆಸರು ಹುಟ್ಟೂರಿನ ಪಟ್ಟಿಯಲ್ಲಿಯೇ ಉಳಿಯುವುದುಂಟು. ದಿನದ ದುಡಿಮೆಯೂ ಮನೆಯ ಕೆಲಸವೂ ಸಭೆ ಸಂಘಟನೆಗಳಿಗೆ ಬಿಡುವು ಕೊಡವು. ಇದರ ಮೇಲೆ, ೨೦೨೦ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ತರುವಾಯ ನಗರವು ಹಲವು ವರ್ಷ ಚುನಾಯಿತ ಸಭೆಯಿಲ್ಲದೆ ಆಡಳಿತಾಧಿಕಾರಿಗಳ ವಶದಲ್ಲಿದ್ದಿತು.

ಆದುದರಿಂದ ಸ್ತ್ರೀಯರ ರಾಜಕೀಯ ಚರಿತ್ರೆಯನ್ನು ಬರೆಯುವವರು ಗೆದ್ದ ಸ್ಥಾನಗಳನ್ನು ಎಣಿಸುವುದರಲ್ಲಿಯೇ ತೃಪ್ತರಾಗಲಾಗದು. ಸರ್ಕಾರದ ನಿರ್ಧಾರವನ್ನು ಬದಲಾಯಿಸಿದವರ ಹೆಸರುಗಳು ಯಾವ ಸಭೆಯ ನಡವಳಿಯಲ್ಲಿಯೂ ದಾಖಲಾಗಿಲ್ಲವೆಂಬುದೂ ಆ ಚರಿತ್ರೆಯ ಭಾಗವೇ ಆಗಿದೆ.