ಗೋಕಾಕದ ಜಲಶಕ್ತಿ, ಹುಕ್ಕೇರಿಯ ಸಹಕಾರ

ಘಟಪ್ರಭಾ ತೀರದ ಆರ್ಥಿಕ ಇತಿಹಾಸವನ್ನು ಪರಿಶೀಲಿಸುವವರಿಗೆ ಎರಡು ವರ್ಷಗಳು ಗಮನಾರ್ಹವಾಗಿವೆ. 1887ರಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿಯು ಆರಂಭವಾಯಿತು. 1969ರಲ್ಲಿ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪಿತವಾಯಿತು. ಇವೆರಡರ ನಡುವಣ ಭೇದವು ಯಂತ್ರದ್ದಲ್ಲ, ಒಡೆತನದ್ದು.

ಗಿರಣಿಯು ಸುತ್ತಣ ಹಳ್ಳಿಗಳವರಿಗೆ ಕೂಲಿಯನ್ನು ಒದಗಿಸಿ, ಜಲಪಾತದ ಬಳಿ ಕಾರ್ಮಿಕರ ಊರೊಂದನ್ನು ಬೆಳೆಸಿತು. ಆದರೆ ಅದರ ಲಾಭವು ಬಂಡವಾಳ ಹೂಡಿದ ಪಾಲುದಾರರಿಗೆ ಸಂದಿತು. ಹುಕ್ಕೇರಿಯಲ್ಲಾದರೋ ದೀಪ ಹಚ್ಚುವವನೂ ಪಂಪು ನಡೆಸುವ ರೈತನೂ ಸಂಘದ ಸದಸ್ಯರಾಗಿ, ಆಡಳಿತ ಮಂಡಳಿಯನ್ನು ತಾವೇ ಚುನಾಯಿಸುವ ಅಧಿಕಾರವನ್ನು ಪಡೆದರು. ಸಂಘವು ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ. ಸಗಟಾಗಿ ಕೊಂಡು ವಿತರಿಸುತ್ತದೆ.

ಈ ಪ್ರಯತ್ನಕ್ಕೆ ನೆಲವು ಮೊದಲೇ ಹದವಾಗಿದ್ದಿತು. 1904ರ ಸಹಕಾರಿ ಕಾಯಿದೆಯ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಂಘವು ಹುಟ್ಟಿದ್ದಿತು.

ಹುಕ್ಕೇರಿಯೊಡನೆ ಪ್ರಯೋಗಾರ್ಥವಾಗಿ ಆರಿಸಲ್ಪಟ್ಟ ಉಳಿದ ನಾಲ್ಕು ಕ್ಷೇತ್ರಗಳೆಂದರೆ ಕೊಡಿನಾರ, ಮುಳಾ-ಪ್ರವರಾ, ಸಿರಿಸಿಲ್ಲ ಮತ್ತು ಲಖನೌ. ಇವುಗಳಲ್ಲಿ ಮುಳಾ-ಪ್ರವರಾ ಸಂಘವು ವಿದ್ಯುತ್ ಖರೀದಿಯ ಬಾಕಿಯ ಭಾರದಲ್ಲಿ ಸಿಲುಕಿ 2011ರಲ್ಲಿ ವಿತರಣೆಯ ಅಧಿಕಾರವನ್ನೇ ಕಳೆದುಕೊಂಡಿತು. ಹುಕ್ಕೇರಿಯ ಸಂಘವು ಇಂದಿಗೂ ಉಳಿದಿದೆ. ಒಡೆತನವು ಜನರದಾದ ಮಾತ್ರಕ್ಕೆ ಸಂಸ್ಥೆಯು ಬಾಳದು. ಬಿಲ್ಲಿನ ವಸೂಲಿ, ಲೆಕ್ಕದ ಶುದ್ಧಿ, ಸದಸ್ಯರ ಎಚ್ಚರ, ಈ ಮೂರೂ ಕೂಡಿದಲ್ಲಿಯೇ ಊರಿನ ಸಂಪತ್ತು ಊರಿನಲ್ಲಿ ನಿಲ್ಲುತ್ತದೆಂಬುದು ಈ ಇತಿಹಾಸದಿಂದ ವ್ಯಕ್ತವಾಗುತ್ತದೆ.